ಬೆನ್ನಿಗೆ ಸ್ಪಿರಿಟ್ ತಿಕ್ಕುವುದನ್ನು ನಿಲ್ಲಿಸಲು ಯಾರ ಅಪ್ಪಣೆ ಬೇಕು?

ಪ್ರಶ್ನೆ: ಶುಶ್ರೂಷಾಧಿಕಾರಿ, ಕಲಬುರಗಿ

ಕಲಬುರಗಿಯ ಒಂದು ಆಸ್ಪತ್ರೆಯ ಪುರುಷರ ಮೆಡಿಸಿನ್ ವಾರ್ಡಿನಲ್ಲಿ ನಾನು ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಸೇರಿದ ಮೇಲೆ ಪೋಸ್ಟ್ ಬೇಸಿಕ್ ಬಿಎಸ್‌ಸಿ ಓದಿದವಳು. ಕಳೆದ ತಿಂಗಳು ಎಂಎಸ್‌ಸಿ ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರಬಂಧಕ್ಕೆಂದು ಪ್ರಶ್ನಾವಳಿ ಹಿಡಿದು ನಮ್ಮ ವಾರ್ಡಿಗೆ ಬಂದಿದ್ದರು. ಸಾಕ್ಷ್ಯಾಧಾರಿತ ಶುಶ್ರೂಷೆ (ಸಂಶೋಧನೆಯ ಪುರಾವೆಯನ್ನು ಆಧರಿಸಿದ ಆರೈಕೆ) ಎಂದರೆ ಏನೆಂದು ನಿಮಗೆ ಗೊತ್ತೇ, ದಿನನಿತ್ಯದ ಕೆಲಸದಲ್ಲಿ ಅದನ್ನು ಬಳಸುತ್ತೀರಾ ಎಂಬ ಎರಡು ಪ್ರಶ್ನೆಗಳಿಗೂ ನಾನು ‘ಹೌದು’ ಎಂದು ಗುರುತು ಹಾಕಿ ಸಹಿ ಮಾಡಿಕೊಟ್ಟೆ. ನಮ್ಮ ಪಾಳಿಯ ಉಳಿದವರೂ ಹಾಗೆಯೇ ಮಾಡಿದರು.

ಅದೇ ದಿನ ಸಂಜೆ ಆಳಂದ ಕಡೆಯ ಹಿರಿಯರೊಬ್ಬರ ಬೆನ್ನಿನ ಆರೈಕೆ ಮಾಡಬೇಕಿತ್ತು. ಅವರಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಹಾಸಿಗೆ ಹಿಡಿದು ಹನ್ನೊಂದು ದಿನಗಳಾಗಿದ್ದವು. ಅವರ ಮಗನ ಸಹಾಯದಿಂದ ಅವರನ್ನು ಎಡಮಗ್ಗುಲಿಗೆ ಹೊರಳಿಸಿದಾಗ, ಸೊಂಟದ ಕೆಳಗಿನ ಮೂಳೆಯ ಮೇಲೆ ಅಂಗೈಯಗಲದ ಚರ್ಮ ಸುತ್ತಲಿನದಕ್ಕಿಂತ ಕಪ್ಪಾಗಿ, ಮುಟ್ಟಿದರೆ ಬೆಚ್ಚಗೆ ಇತ್ತು. ನಾನು ಎಂದಿನಂತೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಆ ಜಾಗವನ್ನೇ ಗಟ್ಟಿಯಾಗಿ ಉಜ್ಜಿ ಪೌಡರ್ ಹಾಕಿದೆ. ಅವರಿಗೆ ಮಾತು ಸ್ಪಷ್ಟವಾಗಿ ಬರುತ್ತಿರಲಿಲ್ಲ. ಆದರೂ “ಬ್ಯಾಡವ್ವಾ, ಉರೀಲಿಕತ್ತದ” ಎಂದು ತೊದಲುತ್ತ ಹೇಳಿದ್ದು ನನಗೆ ಕೇಳಿಸಿತು. ಒತ್ತಡದ ಹುಣ್ಣು (ಒಂದೇ ಭಂಗಿಯಲ್ಲಿ ಬಹಳ ಹೊತ್ತು ಮಲಗಿದವರಿಗೆ ಆಗುವ ಹುಣ್ಣು) ಏಳುವ ಸೂಚನೆಯಿರುವ ಚರ್ಮವನ್ನು ಉಜ್ಜಬಾರದು, ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ ಎಂಬುದನ್ನು ನಾನೇ ಪೋಸ್ಟ್ ಬೇಸಿಕ್ ಓದುವಾಗ ಪರೀಕ್ಷೆಯಲ್ಲಿ ಬರೆದಿದ್ದೆ. ಹಾಗಿದ್ದೂ ಕೈ ತನ್ನಷ್ಟಕ್ಕೆ ಹಳೆಯ ಕೆಲಸವನ್ನೇ ಮಾಡಿತು.

ಮರುದಿನ ಪಾಳಿ ಬದಲಾಗುವ ಹ್ಯಾಂಡೋವರ್ ಸಮಯದಲ್ಲಿ, ಬೆನ್ನಿಗೆ ಸ್ಪಿರಿಟ್ ಹಚ್ಚುವುದನ್ನು ಬಿಡೋಣವೇ ಎಂದು ಕೇಳಿದೆ. ಮೊದಲಿನಿಂದಲೂ ಇದನ್ನೇ ಮಾಡುತ್ತ ಬಂದಿದ್ದೇವೆ, ನಾಳೆ ಹುಣ್ಣಾದರೆ ‘ಸಿಸ್ಟರ್ ಬೆನ್ನಿನ ಆರೈಕೆಯನ್ನೇ ಮಾಡಲಿಲ್ಲ’ ಎಂಬ ಮಾತು ಬರುತ್ತದೆ, ಅದಕ್ಕೆ ಯಾರು ಉತ್ತರ ಕೊಡುತ್ತಾರೆ ಎಂಬ ಮಾತಿನೊಂದಿಗೆ ಚರ್ಚೆ ಮುಗಿಯಿತು. ಹಾಗೆ ಹೇಳಿದವರು ಕೆಟ್ಟವರಲ್ಲ. ರಾತ್ರಿ ಪಾಳಿಯಲ್ಲಿ ಮೂವತ್ತೆಂಟು ರೋಗಿಗಳಿಗೆ ಇಬ್ಬರೇ ಇದ್ದಾಗ ನನಗೆ ಕೆಲಸ ಕಲಿಸಿದವರು ಅವರೇ.

ಹಾಗಾಗಿ ನನ್ನ ಪ್ರಶ್ನೆ ಇಷ್ಟು. ನಮ್ಮ ಭಾಗದ ಶುಶ್ರೂಷಕರಿಗೆ ಕೊರತೆಯಾಗಿರುವುದು ತಿಳಿವಳಿಕೆಯೋ, ಅಥವಾ ತಿಳಿದದ್ದನ್ನು ಮಾಡುವ ಅಧಿಕಾರವೋ? ಬೀದರ್, ಯಾದಗಿರಿ ಕಡೆ ಕೆಲಸ ಮಾಡುವವರು ತಮ್ಮ ವಾರ್ಡಿನಲ್ಲಿ ಯಾವುದಾದರೂ ಒಂದು ಹಳೆಯ ಪದ್ಧತಿಯನ್ನು ನಿಜವಾಗಿ ಬದಲಿಸಿದ್ದರೆ, ಅದನ್ನು ಹೇಗೆ ಸಾಧಿಸಿದಿರಿ ಎಂದು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ನರ್ಸಿಂಗ್ ಬೋಧಕಿ, ಬೀದರ್

ನಿಮ್ಮ ಪ್ರಶ್ನೆಯನ್ನು ಓದಿ ನನಗೆ ಮೊದಲು ನೆನಪಾದದ್ದು ನನ್ನದೇ ತರಗತಿ. ಸಾಕ್ಷ್ಯಾಧಾರಿತ ಶುಶ್ರೂಷೆಯನ್ನು ನಾವು ಸಂಶೋಧನಾ ವಿಷಯದ ಒಂದು ಘಟಕವಾಗಿ ಕಲಿಸಿ, ವ್ಯಾಖ್ಯೆಯನ್ನು ಬರೆಸಿ, ಯಾವ ಬಗೆಯ ಅಧ್ಯಯನ ಹೆಚ್ಚು ನಂಬಲರ್ಹ ಎಂದು ತೋರಿಸುವ ಪುರಾವೆಗಳ ಪಿರಮಿಡ್ಡಿನ ಚಿತ್ರ ಬಿಡಿಸಿ ಅಂಕ ಕೊಟ್ಟುಬಿಡುತ್ತೇವೆ. ಅದೇ ವಿದ್ಯಾರ್ಥಿನಿ ಮೂಲಭೂತ ಶುಶ್ರೂಷೆಯ ಪ್ರಾಯೋಗಿಕ ತರಗತಿಗೆ ಬಂದಾಗ, ಬೆನ್ನಿನ ಆರೈಕೆಯ ಟ್ರೇಯಲ್ಲಿ ಸ್ಪಿರಿಟ್ ಬಾಟಲಿಯನ್ನೂ ಪೌಡರ್ ಡಬ್ಬಿಯನ್ನೂ ಇಡದಿದ್ದರೆ ಅಂಕ ಕಡಿಯುತ್ತೇವೆ. ಇದು ನಾನು ವರ್ಷಗಟ್ಟಲೆ ಮಾಡಿದ ಕೆಲಸ, ಆದ್ದರಿಂದ ತಪ್ಪು ನಿಮ್ಮ ಕೈಯದೊಂದೇ ಎಂದು ಹೇಳಲಾರೆ. ಈಗ ನಮ್ಮ ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಆ ಸಾಲನ್ನು ತಿದ್ದಿದ್ದೇವೆ.

ಪದದ ಅರ್ಥವನ್ನು ಒಮ್ಮೆ ಸರಿಯಾಗಿ ನೋಡೋಣ, ಏಕೆಂದರೆ ಅನೇಕರು ಇದನ್ನು ‘ಸಂಶೋಧನಾ ಲೇಖನ ಓದುವುದು’ ಎಂದಷ್ಟೇ ತಿಳಿದು, ಅದು ನಮ್ಮಿಂದಾಗದು ಎಂದು ದೂರ ಸರಿಯುತ್ತಾರೆ. ಸಾಕ್ಷ್ಯಾಧಾರಿತ ವೈದ್ಯಕೀಯ ಎಂಬ ಮಾತು ಬಳಕೆಗೆ ಬಂದದ್ದು 1990ರ ದಶಕದ ಆರಂಭದಲ್ಲಿ, ಕೆನಡಾದ ಗಾರ್ಡನ್ ಗಯಟ್ ಅವರಿಂದ. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ಅದನ್ನು ವಿವರಿಸುವಾಗ, ಲಭ್ಯವಿರುವ ಅತ್ಯುತ್ತಮ ಪುರಾವೆಯ ಜೊತೆಗೆ ಆರೈಕೆ ಮಾಡುವವರ ಅನುಭವವೂ ರೋಗಿಯ ಇಷ್ಟಾನಿಷ್ಟಗಳೂ ಕೂಡಿರಬೇಕೆಂದು ಸ್ಪಷ್ಟವಾಗಿ ಹೇಳಿದರು. ನಿಮ್ಮ ರೋಗಿ “ಉರೀಲಿಕತ್ತದ” ಎಂದದ್ದು ಈ ಮೂರರಲ್ಲಿ ಒಂದು. ಅದನ್ನು ನೀವು ಕೇಳಿಸಿಕೊಂಡಿರಿ, ಅದು ನಿಮ್ಮನ್ನು ಕಾಡಿತು, ಅಲ್ಲಿಂದ ಪ್ರಶ್ನೆ ಹುಟ್ಟಿತು. ನಮ್ಮ ವೃತ್ತಿಯಲ್ಲಿ ಇದು ಹೊಸದೂ ಅಲ್ಲ: ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಸೈನಿಕರ ಸಾವುಗಳನ್ನು ಕಾರಣವಾರು ಎಣಿಸಿ, ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚು ಎಂಬುದನ್ನು 1858ರಲ್ಲಿ ಚಿತ್ರಗಳ ಮೂಲಕ ಅಧಿಕಾರಿಗಳ ಮುಂದಿಟ್ಟವರು.

ಇನ್ನು ಬೆನ್ನಿನ ವಿಷಯ. ಅಪಾಯದಲ್ಲಿರುವ ಚರ್ಮವನ್ನು ಜೋರಾಗಿ ಉಜ್ಜಬಾರದೆಂದು ಒತ್ತಡದ ಹುಣ್ಣುಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರೋಗಿಯ ಸೊಂಟದ ಕೆಳಗೆ ಇಡುವ, ನಡುವೆ ತೂತಿರುವ ಗಾಳಿ ಟ್ಯೂಬನ್ನೂ ಅದು ಒಪ್ಪುವುದಿಲ್ಲ, ಏಕೆಂದರೆ ಅದರ ಅಂಚಿನ ಸುತ್ತ ಒತ್ತಡ ಹೆಚ್ಚಿ ರಕ್ತಸಂಚಾರ ಕುಗ್ಗುತ್ತದೆ. ಮಾಡಬೇಕಾದದ್ದು ನಿಯಮಿತವಾಗಿ ಮಗ್ಗುಲು ಬದಲಿಸುವುದು, ಹಿಮ್ಮಡಿಗಳನ್ನು ಹಾಸಿಗೆಯಿಂದ ಮೇಲೆ ತೇಲಿಸಿಡುವುದು, ಒದ್ದೆಯನ್ನು ಕೂಡಲೇ ಒರೆಸುವುದು, ಹೊಟ್ಟೆಗೆ ಸಾಕಷ್ಟು ಆಹಾರ ಸೇರುವಂತೆ ನೋಡಿಕೊಳ್ಳುವುದು. ಪುಸ್ತಕಗಳಲ್ಲಿ ‘ಚರ್ಮ ಕೆಂಪಾಗುವುದು, ಬೆರಳಿನಿಂದ ಒತ್ತಿದರೆ ಬಿಳಿಚಿಕೊಳ್ಳದಿರುವುದು’ ಎಂಬುದನ್ನೇ ಮೊದಲ ಹಂತದ ಲಕ್ಷಣವೆಂದು ಬರೆದಿರುತ್ತಾರೆ. ನಮ್ಮ ಜನರ ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಸುತ್ತಲಿಗಿಂತ ಕಪ್ಪಾಗಿರುವುದು, ಬಿಸಿ, ಗಡಸುತನ, ನೋವು, ಇವುಗಳನ್ನೇ ಕೈಯಿಂದ ಮುಟ್ಟಿ ನೋಡಬೇಕು. ನೀವು ಬರೆದ ‘ಕಪ್ಪಾಗಿ, ಬೆಚ್ಚಗೆ’ ಎಂಬ ಎರಡು ಮಾತುಗಳು ಹಲವು ಚಿತ್ರಪಟಗಳಿಗಿಂತ ಹೆಚ್ಚು ಉಪಯುಕ್ತವಾಗಿವೆ.

ಆದರೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳಲ್ಲಿ 942 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡು, ಮೂರು ಅಥವಾ ನಾಲ್ಕು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿದವರ ನಡುವೆ ಹುಣ್ಣಾಗುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ನನ್ನ ವಿದ್ಯಾರ್ಥಿನಿಯೊಬ್ಬಳು, ಹಾಗಾದರೆ ನಮ್ಮ ವಾರ್ಡಿನಲ್ಲೂ ನಾಲ್ಕು ಗಂಟೆಗೊಮ್ಮೆ ಮಾಡಿದರೆ ಸಾಕಲ್ಲವೇ ಎಂದು ಸಂತೋಷದಿಂದ ಕೇಳಿದಳು. ಅಧ್ಯಯನದಲ್ಲಿದ್ದವರೆಲ್ಲ ಒತ್ತಡವನ್ನು ಹಂಚುವ ದಪ್ಪ ಫೋಮ್ ಹಾಸಿಗೆಯ ಮೇಲೆ ಮಲಗಿದ್ದರೆಂಬುದನ್ನು ಆಕೆ ಗಮನಿಸಿರಲಿಲ್ಲ. ನಮ್ಮಲ್ಲಿರುವುದು ಕುಳಿಬಿದ್ದ ತೆಂಗಿನ ನಾರಿನ ಹಾಸಿಗೆ, ಅದರ ಮೇಲೆ ರೆಕ್ಸಿನ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಬೆನ್ನು ಸದಾ ಬೆವರಿನಿಂದ ಒದ್ದೆ. ಇಂಥಲ್ಲಿ ಎರಡು ಗಂಟೆಯ ನಿಯಮವನ್ನು ಸಡಿಲಿಸುವುದು ಆ ಅಧ್ಯಯನವನ್ನು ತಪ್ಪಾಗಿ ಓದಿದಂತೆ. ಪುರಾವೆಯನ್ನು ಓದಿದ ಮೇಲೆ, ಅದು ಯಾರ ಮೇಲೆ, ಯಾವ ಹಾಸಿಗೆಯ ಮೇಲೆ ಸಿಕ್ಕ ಪುರಾವೆ ಎಂದು ಕೇಳುವುದನ್ನು ನಾವು ಬೋಧಕರು ಕಲಿಸುತ್ತಿಲ್ಲ.

ಓದಲು ಸಿಗುವುದಿಲ್ಲ ಎಂಬ ದೂರು ಪೂರ್ತಿ ನಿಜವಲ್ಲ. ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆಗಳ ಸರಳ ಭಾಷೆಯ ಸಾರಾಂಶಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಡಿಜಿಟಲ್ ಗ್ರಂಥಾಲಯವೂ ಇದೆ. ಅವೆಲ್ಲ ಇಂಗ್ಲಿಷಿನಲ್ಲಿರುವುದು, ಮತ್ತು ಕನ್ನಡ ಮಾಧ್ಯಮದಿಂದ ಬಂದ ನಮ್ಮ ಹುಡುಗಿಯರು ಅಂಕಿಅಂಶಗಳ ಸಾಲು ಬಂದೊಡನೆ ಪುಟ ಮುಚ್ಚುವುದು ನಿಜವಾದ ತೊಡಕು.

ಉತ್ತರ 2: ಹೆರಿಗೆ ವಾರ್ಡಿನ ಶುಶ್ರೂಷಾಧಿಕಾರಿ, ಯಾದಗಿರಿ ಜಿಲ್ಲೆ

ಬದಲಿಸಿದ್ದೀರಾ ಎಂದು ಕೇಳಿದಿರಿ, ಬದಲಿಸಿದ್ದೇವೆ. ಆದರೆ ಒಬ್ಬರೇ ಹಟ ಹಿಡಿದು ಬದಲಿಸಿದ್ದಲ್ಲ, ಪಕ್ಕದಲ್ಲಿ ಒಬ್ಬರು ನಿಂತು ಕಲಿಸಿದ್ದರಿಂದ ಬದಲಾಯಿತು.

ನಮ್ಮ ಭಾಗದ್ದೇ ಒಂದು ಅಧ್ಯಯನವಿದೆ, ನಮ್ಮವರಿಗೇ ಅದು ಹೆಚ್ಚಾಗಿ ಗೊತ್ತಿಲ್ಲ. ಅಂದಿನ ಗುಲ್ಬರ್ಗಾ ಮತ್ತು ಬಳ್ಳಾರಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, 54 ಕೇಂದ್ರಗಳಿಗೆ ಮಾತ್ರ ತರಬೇತಾದ ಮಾರ್ಗದರ್ಶಿ ಶುಶ್ರೂಷಕಿಯರನ್ನು ಕಳಿಸಿದರು. ಅವರು ಭಾಷಣ ಮಾಡಿ ಹೋಗುವವರಾಗಿರಲಿಲ್ಲ. ಮತ್ತೆ ಮತ್ತೆ ಬಂದು, ಹೆರಿಗೆ ಕೋಣೆಯಲ್ಲೇ ನಿಂತು, ಕೇಸ್‌ಶೀಟ್ ಪರಿಶೀಲಿಸಿ, ಔಷಧದ ಕಪಾಟನ್ನೂ ತೆರೆದು ನೋಡುತ್ತಿದ್ದರು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಮಾರ್ಗದರ್ಶಿಯರು ಹೋದ ಕೇಂದ್ರಗಳ ಸಿದ್ಧತೆಯೂ ಅಲ್ಲಿನ ಶುಶ್ರೂಷಕಿಯರ ತಿಳಿವಳಿಕೆಯೂ ಉಳಿದವಕ್ಕಿಂತ ಉತ್ತಮವಾಗಿದ್ದವು. ನಾನು ಆಗ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ನಮ್ಮಲ್ಲಿಗೂ ಅಂಥ ಮಾರ್ಗದರ್ಶಿಯೊಬ್ಬರು ಬರುತ್ತಿದ್ದರು. ಅವರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: “ರಕ್ತಸ್ರಾವ ಶುರುವಾದರೆ ಆಕ್ಸಿಟೋಸಿನ್ ಎಲ್ಲಿದೆ, ತಂದು ತೋರಿಸಿ.” ರಕ್ತಸ್ರಾವ ತಡೆಯುವ ಆ ಔಷಧ ಬೀಗ ಹಾಕಿದ ಸ್ಟೋರ್ ರೂಮಿನಲ್ಲಿತ್ತು, ಬೀಗದ ಕೈ ಫಾರ್ಮಸಿಸ್ಟರ ಬಳಿ, ಫಾರ್ಮಸಿಸ್ಟರು ಮನೆಯಲ್ಲಿ. ಆಕ್ಸಿಟೋಸಿನ್ ಕೊಡಬೇಕೆಂಬ ತಿಳಿವಳಿಕೆ ನಮಗೆ ಮೊದಲೇ ಇತ್ತು. ಅಂದು ಸಂಜೆಯೇ ಹೆರಿಗೆ ಕೋಣೆಯಲ್ಲಿ ಟ್ರೇ ಸಿದ್ಧವಾಯಿತು, ತಂಪು ಪೆಟ್ಟಿಗೆಯೂ ಬಂತು.

ಇದೇ ಕರ್ನಾಟಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯನ್ನು ಪ್ರಾಯೋಗಿಕವಾಗಿ ಬಳಸಿ ನೋಡಿದಾಗ, 29 ಅಗತ್ಯ ಕ್ರಮಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದದ್ದು ಪಟ್ಟಿ ಬಂದ ಮೇಲೆ 25ಕ್ಕೆ ಏರಿತೆಂದು 2012ರಲ್ಲಿ ವರದಿಯಾಯಿತು. ಆದರೆ ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ, ಕ್ರಮಗಳ ಪಾಲನೆ ಹೆಚ್ಚಿದರೂ ತಾಯಿ ಮಕ್ಕಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಾಗಲಿಲ್ಲ. ತರಬೇತುದಾರರು ಹೋದ ಮೇಲೆ ಪಾಲನೆಯೂ ಇಳಿಯಿತು: ಎರಡು ತಿಂಗಳಲ್ಲಿ ಶೇ. 73ರ ಆಸುಪಾಸಿನಲ್ಲಿದ್ದದ್ದು ಹನ್ನೆರಡನೆಯ ತಿಂಗಳಿಗೆ ಶೇ. 62ಕ್ಕೆ ಬಂತು. ಎರಡನೆಯದನ್ನು ಮರೆಮಾಚಿ ಮೊದಲನೆಯದನ್ನಷ್ಟೇ ಹೇಳಿದರೆ ನಾನೂ ಪುರಾವೆಯನ್ನು ನನಗೆ ಬೇಕಾದಂತೆ ಬಳಸಿದಂತಾಗುತ್ತದೆ. ನಮ್ಮ ಕೇಂದ್ರದಲ್ಲೂ ಮಾರ್ಗದರ್ಶಿಯವರ ಭೇಟಿ ನಿಂತ ವರ್ಷ ಕೇಸ್‌ಶೀಟುಗಳನ್ನು ಹೆರಿಗೆಯಾದ ಮೇಲೆ ಕುಳಿತು ತುಂಬುವ ಹಳೆಯ ರೂಢಿ ಮರಳಿ ಬಂತು.

ಈಗಿನ ನನ್ನ ವಾರ್ಡಿನಲ್ಲಿ ಗಟ್ಟಿಯಾಗಿ ಉಳಿದುಕೊಂಡಿರುವ ಬದಲಾವಣೆ ಎಂದರೆ ಕಾಂಗರೂ ಆರೈಕೆ. 2021ರಲ್ಲಿ ಭಾರತವೂ ಸೇರಿದಂತೆ ಐದು ದೇಶಗಳ ಅಧ್ಯಯನ ಹೊರಬಂತು. 1 ಕಿಲೋದಿಂದ 1.8 ಕಿಲೋ ಒಳಗಿನ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿದಾಗ 28 ದಿನಗಳೊಳಗಿನ ಸಾವು ಶೇ. 12 ಇತ್ತು, ಮಗು ಸ್ಥಿರವಾಗುವ ತನಕ ಕಾದು ಕಟ್ಟಿದಾಗ ಶೇ. 15.7 ಇತ್ತು. ನಮ್ಮಲ್ಲಿ ಇದಕ್ಕೆ ಅಡ್ಡಿ ಬಂದದ್ದು ವೈದ್ಯರಿಂದಲ್ಲ, ಅಜ್ಜಿಯರಿಂದ. ಸುರಪುರ ಕಡೆಯ ಒಬ್ಬ ಅಜ್ಜಿ, ಹಸಿ ಬಾಣಂತಿಯ ಎದೆಯ ಮೇಲೆ ಬರಿಮೈ ಕೂಸನ್ನು ಇಟ್ಟರೆ ಇಬ್ಬರಿಗೂ ಥಂಡಿ ಹತ್ತುತ್ತದೆ ಎಂದು ಪಟ್ಟು ಹಿಡಿದರು. ನಾನು ವಾದ ಮಾಡಲಿಲ್ಲ. ಮಗುವಿನ ಪಾದವನ್ನು ಅವರ ಕೈಯಿಂದಲೇ ಮುಟ್ಟಿಸಿದೆ, ತಣ್ಣಗಿತ್ತು. ಟೋಪಿ, ಕಾಲುಚೀಲ ಹಾಕಿ, ತಾಯಿಯ ಎದೆಗೆ ಸೀರೆಯಿಂದ ಕಟ್ಟಿ, ಮೇಲೆ ಅಜ್ಜಿಯೇ ತಂದಿದ್ದ ಕೌದಿ ಹೊದಿಸಿದೆ. ಒಂದು ಗಂಟೆಯ ನಂತರ ಮತ್ತೆ ಮುಟ್ಟಿಸಿದಾಗ ಅವರು ಏನೂ ಹೇಳದೆ ಮಗುವಿನ ಪಾದವನ್ನು ಹಿಡಿದುಕೊಂಡೇ ಕುಳಿತಿದ್ದರು. ಆ ಸಂಜೆಯಿಂದ ಪಕ್ಕದ ಹಾಸಿಗೆಯ ಬಾಣಂತಿಗೆ ಸೀರೆ ಕಟ್ಟುವುದನ್ನು ಕಲಿಸಿದವರು ಅವರೇ.

ಉತ್ತರ 3: ವೈದ್ಯ, ಕಲಬುರಗಿ

ಅಧಿಕಾರದ ಪ್ರಶ್ನೆಗೆ ಉತ್ತರಿಸಬೇಕಾದವರಲ್ಲಿ ನಾನೂ ಒಬ್ಬನಾದ್ದರಿಂದ ಬರೆಯುತ್ತಿದ್ದೇನೆ.

ಐವಿ ಕ್ಯಾನುಲಾವನ್ನು (ಸಲೈನ್, ಔಷಧ ಕೊಡಲು ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ಕೊಳವೆ) ಮೂರು ದಿನಗಳಿಗೊಮ್ಮೆ ಕಡ್ಡಾಯವಾಗಿ ಬದಲಿಸಬೇಕೆಂಬ ನಿಯಮ ನಮ್ಮ ಘಟಕದಲ್ಲಿತ್ತು. ಆಸ್ಟ್ರೇಲಿಯಾದಲ್ಲಿ 3283 ರೋಗಿಗಳ ಮೇಲೆ ನಡೆದು 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ನಿಗದಿತ ಸಮಯಕ್ಕೆ ಬದಲಿಸಿದರೂ ತೊಂದರೆ ಕಂಡಾಗ ಮಾತ್ರ ಬದಲಿಸಿದರೂ ರಕ್ತನಾಳದ ಉರಿಯೂತ ಎರಡೂ ಕಡೆ ಶೇ. 7 ಮಾತ್ರ ಇತ್ತು. ಇದನ್ನು ಮುದ್ರಿಸಿ ನನ್ನ ಮುಂದೆ ತಂದಿಟ್ಟವರು ನಮ್ಮ ಘಟಕದ ಸಿಸ್ಟರ್. ನಾನು ಮೊದಲು ಅದನ್ನು ಓದದೆ ಬದಿಗಿಟ್ಟೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅವರು ಎರಡನೆಯ ಸಲ ಬಂದಾಗ ಜೊತೆಗೆ ಒಂದು ನೋಟ್‌ಬುಕ್ ತಂದಿದ್ದರು. ಅದರಲ್ಲಿ ಒಂದು ತಿಂಗಳು ನಮ್ಮದೇ ರೋಗಿಗಳ ಕ್ಯಾನುಲಾ ಜಾಗವನ್ನು ಪ್ರತಿ ಪಾಳಿಯಲ್ಲಿ ನೋಡಿ ಬರೆದ ಟಿಪ್ಪಣಿ ಇತ್ತು. ಚೆನ್ನಾಗಿದ್ದ ಕ್ಯಾನುಲಾವನ್ನು ನಿಯಮಕ್ಕಾಗಿ ಕಿತ್ತು, ಹೊಸದು ಹಾಕಲು ನಾಲ್ಕು ಸಲ ಚುಚ್ಚಿಸಿಕೊಂಡ ವೃದ್ಧೆಯ ವಿವರವನ್ನು ಓದಿದ ಮೇಲೆ ನಾನು ಮಾತಾಡಲಿಲ್ಲ. ಲಿಖಿತ ಪ್ರೊಟೋಕಾಲ್ ಮಾಡಿ ಇಬ್ಬರೂ ಸಹಿ ಹಾಕಿದೆವು.

ಇದಕ್ಕೆ ಇನ್ನೊಂದು ಮುಖವೂ ಇದೆ. ಜಿನೀವಾದ ಆಸ್ಪತ್ರೆಗಳು ಇದೇ ರೀತಿ ‘ತೊಂದರೆ ಕಂಡಾಗ ಮಾತ್ರ’ ಎಂಬ ಪದ್ಧತಿಗೆ ಬದಲಾದ ನಂತರ ಕ್ಯಾನುಲಾದಿಂದ ರಕ್ತಕ್ಕೆ ಸೋಂಕು ತಗಲುವ ಪ್ರಕರಣಗಳು ಹೆಚ್ಚಿದ್ದನ್ನು 2021ರಲ್ಲಿ ವರದಿ ಮಾಡಿದವು. ಆದ್ದರಿಂದ ಪ್ರತಿ ಪಾಳಿಯಲ್ಲಿ ಜಾಗವನ್ನು ನೋಡಿ ದಾಖಲಿಸಲು ಆಗದ ವಾರ್ಡು ಈ ಬದಲಾವಣೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ ಒಬ್ಬ, ಉಳಿದೆಡೆ ಐವರಿಗೆ ಒಬ್ಬ ಶುಶ್ರೂಷಕರಿರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳುತ್ತದೆ. ಮೂವತ್ತೆಂಟಕ್ಕೆ ಇಬ್ಬರಿರುವಲ್ಲಿ ಯಾವ ಪುರಾವೆಯೂ ತಾನಾಗಿ ಕೆಲಸ ಮಾಡದು, ಈ ಮಾತನ್ನು ವೈದ್ಯರಾದ ನಾವೂ ಆಡಳಿತದ ಮುಂದೆ ಹೇಳಬೇಕು.

ಬೇಸಿಗೆ ಹತ್ತಿರವಿರುವುದರಿಂದ ಒಂದು ಮಾತು. ಮಕ್ಕಳ ಸಾಮಾನ್ಯ ಜ್ವರಕ್ಕೆ ಒದ್ದೆ ಬಟ್ಟೆಯಿಂದ ಮೈ ಒರೆಸುವುದನ್ನು ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಅದನ್ನು ಓದಿ, ಹೊಲದಲ್ಲಿ ಬಿಸಿಲು ಬಡಿದು ಪ್ರಜ್ಞೆ ತಪ್ಪಿ ಬಂದವರಿಗೂ ಅದೇ ನಿಯಮವೆಂದು ದಯವಿಟ್ಟು ಭಾವಿಸಬೇಡಿ. ಅವರಿಗೆ ತಕ್ಷಣ ನೀರು, ಗಾಳಿ, ಮಂಜುಗಡ್ಡೆಯಿಂದ ಮೈ ತಂಪು ಮಾಡುವುದೇ ಮುಖ್ಯ ಚಿಕಿತ್ಸೆ, ಪ್ಯಾರಸಿಟಮಾಲ್‌ನಿಂದ ಪ್ರಯೋಜನವಿಲ್ಲ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ನೋಟ್‌ಬುಕ್‌ನ ಮಾತು ನನಗೆ ಹಿಡಿಸಿತು. ನಿನ್ನೆಯಿಂದ ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಗೆರೆ ಹಾಕಿ, ಹಾಸಿಗೆ ಹಿಡಿದ ಆರು ರೋಗಿಗಳಿಗಾಗಿ ಮಗ್ಗುಲು ಬದಲಿಸಿದ ಸಮಯ, ಚರ್ಮದ ಬಣ್ಣ, ಬಿಸಿ, ಒದ್ದೆ ಎಂಬ ಅಂಕಣಗಳನ್ನು ಮಾಡಿದ್ದೇನೆ. ಸ್ಪಿರಿಟ್ ಬಿಡುವ ಬಗ್ಗೆ ಯಾರ ಮೇಲೂ ಒತ್ತಾಯ ಹಾಕಿಲ್ಲ. ನನ್ನ ಪಾಳಿಯಲ್ಲಿ ಮಾತ್ರ ನೀರಿನಲ್ಲಿ ಒರೆಸಿ, ಮೆತ್ತಗೆ ಒತ್ತಿ ಒಣಗಿಸಿ, ತೆಳುವಾಗಿ ವ್ಯಾಸಲೀನ್ ಹಚ್ಚುತ್ತಿದ್ದೇನೆ. ಹಾಗೆ ಮಾಡಿದ್ದನ್ನು ಕೇಸ್‌ಶೀಟಿನಲ್ಲಿ ನನ್ನ ಹೆಸರಿನೊಂದಿಗೆ ಬರೆಯುತ್ತಿದ್ದೇನೆ. ರೋಗಿಗಳ ಮನೆಯವರಿಗೆ ಮಗ್ಗುಲು ಬದಲಿಸುವುದನ್ನು ತೋರಿಸಿಕೊಟ್ಟರೆ ರಾತ್ರಿ ಎರಡು ಗಂಟೆಗೊಮ್ಮೆ ತಪ್ಪದೆ ಮಾಡುತ್ತಾರೆಂಬುದು ಒಂದೇ ರಾತ್ರಿಯಲ್ಲಿ ಗೊತ್ತಾಯಿತು.

ಇಂದು ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಆ ಪುಸ್ತಕವನ್ನು ತಿರುವಿ ನೋಡಿ, ‘ಹಿಮ್ಮಡಿ’ ಎಂಬ ಅಂಕಣವನ್ನು ಏಕೆ ಬಿಟ್ಟಿದ್ದೀ ಎಂದು ಕೇಳಿ, ಸ್ಕೇಲ್ ತೆಗೆದುಕೊಂಡು ತಾವೇ ಗೆರೆ ಎಳೆದರು. ಆಳಂದದ ಹಿರಿಯರ ಬೆನ್ನಿನ ಕಪ್ಪು ಇನ್ನೂ ಹೋಗಿಲ್ಲ, ಆದರೆ ಚರ್ಮ ಒಡೆದಿಲ್ಲ. ಒಂದು ತಿಂಗಳ ದಾಖಲೆ ಸಿಕ್ಕ ಮೇಲೆ ಇಲ್ಲಿಯೇ ಬರೆಯುತ್ತೇನೆ. ಬೀದರಿನ ಬೋಧಕಿಯವರು ಸಾಧ್ಯವಾದರೆ ತಮ್ಮಲ್ಲಿ ತಿದ್ದಿದ ಬೆನ್ನಿನ ಆರೈಕೆಯ ಪುಟವನ್ನು ಕನ್ನಡದಲ್ಲಿ ಹಂಚಿಕೊಳ್ಳಬೇಕೆಂದು ಕೋರುತ್ತೇನೆ. ಅದನ್ನು ಟ್ರೇ ಇಡುವ ಮೇಜಿನ ಮೇಲಿನ ಗೋಡೆಗೆ ಅಂಟಿಸಬೇಕೆಂದಿದ್ದೇನೆ.